ಹೈವ್: ಮೂರು ವರ್ಷ ಆಡಿದ ಮೇಲೆ

ಬೋರ್ಡೇ ಇಲ್ಲದ ಬೋರ್ಡ್ ಗೇಮಿಗೆ ಎರಡು ಸಾವಿರದ ಹತ್ತಿರ ಕೊಡಬೇಕಾ ಅಂತ ನಾನೂ ತುಂಬಾ ದಿನ ಯೋಚಿಸಿದ್ದೆ. ಜಾನ್ ಯಿಯಾನಿ 2001ರಲ್ಲಿ ಹೊರತಂದ ಆಟ ಇದು. ಆರು ಮೂಲೆಯ ದಪ್ಪ ಬಿಲ್ಲೆಗಳು, ಒಬ್ಬೊಬ್ಬರಿಗೆ 11, ಪ್ರತಿಯೊಂದರ ಮೇಲೂ ಒಂದು ಹುಳುವಿನ ಚಿತ್ರ. ಮೇಜಿನ ಮೇಲೆ ಒಂದಕ್ಕೊಂದು ತಾಗಿಸಿ ಇಟ್ಟ ಬಿಲ್ಲೆಗಳೇ ಗೂಡು. ಎದುರಾಳಿಯ ರಾಣಿ ಜೇನನ್ನು ಆರೂ ಕಡೆಯಿಂದ ಮುಚ್ಚಬೇಕು. ಉಳಿದ ನಿಯಮ ಎಲ್ಲ ಕಡೆ ಸಿಗುತ್ತದೆ, ಮತ್ತೆ ಬರೆಯುವುದಿಲ್ಲ.

ಮೊದಲ ತಿಂಗಳು ನನಗೆ ಬೇಜಾರೇ ಆಗಿತ್ತು. ಗೆಳೆಯನೂ ನಾನೂ ಬರೀ ಇರುವೆ ಓಡಿಸುತ್ತಿದ್ದೆವು. ಅದು ಗೂಡಿನ ಅಂಚು ಹಿಡಿದು ಎಷ್ಟು ದೂರ ಬೇಕಾದರೂ ಹೋಗುತ್ತದೆ, ಅದೂ ಒಬ್ಬೊಬ್ಬರ ಹತ್ತಿರ ಮೂರು, ಹಾಗಾಗಿ ಮಿಡತೆ, ಜೇಡ ಎಲ್ಲ ಯಾಕಿವೆ ಅಂತಲೇ ಗೊತ್ತಾಗಲಿಲ್ಲ.

ಗೊತ್ತು ಮಾಡಿಸಿದ್ದು ಅಪ್ಪ. ಊರ ದೇವಸ್ಥಾನದ ಕಲ್ಲಿನ ಮೇಲೆ ಹುಲಿ-ಕುರಿ ಆಡಿ ಬೆಳೆದವರು. ನಿಯಮ ಕೇಳಿ, "ಹುಲಿ ಕಟ್ಟಿದ ಹಾಗೇ ಅಲ್ವೇನೋ" ಅಂದರು. ಎರಡನೇ ಆಟದಲ್ಲೇ ಒಂದು ಜೇಡವನ್ನು ಲೆಕ್ಕದ ಮೂರು ಹೆಜ್ಜೆ ನಡೆಸಿ, ಅಂಚಿನಲ್ಲಿದ್ದ ನನ್ನ ಇರುವೆಯ ಬೆನ್ನಿಗೆ ತಂದು ನಿಲ್ಲಿಸಿದರು. ಈಗ ಇರುವೆ ಎದ್ದರೆ ಜೇಡ ಒಂದೇ ಉಳಿದು ಗೂಡು ಎರಡಾಗುತ್ತದೆ. ಗೂಡು ಒಡೆಯುವಂತಿಲ್ಲ. ಆಟದಲ್ಲೇ ಜಾಸ್ತಿ ಓಡುವ ಹುಳು ನಿಂತಲ್ಲೇ ಕಟ್ಟುಬಿತ್ತು! ಆದರೆ ಕಟ್ಟಿದ ಜೇಡವೂ ಅಲ್ಲೇ ಇರಬೇಕು, ಬೇರೆ ಕೆಲಸಕ್ಕೆ ತೆಗೆದರೆ ಇರುವೆ ಬಿಡುಗಡೆ. ಇಪ್ಪತ್ತು ನಿಮಿಷದ ಆಟದಲ್ಲಿ ಇಷ್ಟು ಯೋಚನೆ ಹಿಡಿಸುತ್ತದೆ ಅಂತ ಆವತ್ತೇ ಅರ್ಥವಾಗಿದ್ದು.

ಈಗ ರಾತ್ರಿ ಊಟ ಆಯಿತು ಅಂದರೆ ಅಪ್ಪ ತಾವೇ ಮೇಜು ಒರೆಸುತ್ತಾರೆ. ಬಿಲ್ಲೆಗಳನ್ನು ಇರುವೆ, ಮಿಡತೆ, ಜೇಡ, ಜೀರುಂಡೆ ಅಂತ ಸಾಲಾಗಿ ಜೋಡಿಸಿ, ರಾಣಿಯನ್ನು ಮಾತ್ರ ಎಡಗೈ ಮುಷ್ಟಿಯಲ್ಲಿ ಇಟ್ಟುಕೊಳ್ಳುತ್ತಾರೆ. ನಾಲ್ಕನೇ ಸರದಿಯೊಳಗೆ ಅದನ್ನು ಇಡಲೇಬೇಕು. ಎಷ್ಟೋ ಸಲ ನಾಲ್ಕನೆಯದರವರೆಗೂ ಮುಷ್ಟಿ ಬಿಚ್ಚುವುದಿಲ್ಲ. ಬಿಲ್ಲೆ ಮೇಜಿಗೆ ತಾಗುವ ಟಕ್ ಸದ್ದಿಗೆ ಒಳಗಿನಿಂದ ಅಮ್ಮ, "ಶುರುವಾಯ್ತಾ?" ಅನ್ನುತ್ತಾರೆ.

ಒಂದು ಕೊರತೆ ಹೇಳಲೇಬೇಕು. ಇಬ್ಬರೇ ಆಡಬಹುದು, ಅದೃಷ್ಟಕ್ಕೆ ಜಾಗವೇ ಇಲ್ಲ. ಚೌಕಾಬಾರದಲ್ಲಿ ಕವಡೆ ಕೈಹಿಡಿದರೆ ಮಗುವೂ ಗೆಲ್ಲುತ್ತದೆ, ಇಲ್ಲಿ ಹೊಸಬರು ಸೋಲುತ್ತಲೇ ಹೋಗುತ್ತಾರೆ. ನನ್ನ ಹೆಂಡತಿ ಸತತ ಒಂಬತ್ತು ಆಟ ಸೋತು ಬಿಟ್ಟೇಬಿಟ್ಟಳು. ಅವಳಿಗೆ ನಾನು ನಿಧಾನವಾಗಿ ಕಲಿಸಬೇಕಿತ್ತು, ಆ ಬೇಸರ ಈಗಲೂ ಇದೆ. ಜೊತೆಗೆ ಆಡಲು ಖಾಯಂ ಒಬ್ಬರು ಇದ್ದರೆ ಮಾತ್ರ ತಗೊಳ್ಳಿ. ಇದ್ದರೆ, ಕೊಟ್ಟ ದುಡ್ಡು ಆರೇ ತಿಂಗಳಲ್ಲಿ ಮರೆತುಹೋಗುತ್ತದೆ.

ನಿನ್ನೆ ಅಪ್ಪನ ರಾಣಿಯ ಐದು ಕಡೆ ಮುಚ್ಚಿದ್ದೆ. ಉಳಿದ ಸಂದಿಯೊಳಗೆ ಇರುವೆ ನುಸುಳುವಷ್ಟು ಜಾಗವಿರಲಿಲ್ಲ, ಮಿಡತೆ ಹಾರಿದರೆ ಮುಗಿಯಿತು. ನೋಡಿದರೆ ನನ್ನ ಮಿಡತೆಯ ತಲೆಯ ಮೇಲೆ ಅವರ ಜೀರುಂಡೆ ಹತ್ತಿ ಕೂತಿತ್ತು. ಅದನ್ನು ಯಾವಾಗಲೋ ಸುಮ್ನೆ ಹತ್ತಿಸಿದ್ದಾರೆ ಅಂದುಕೊಂಡಿದ್ದೆ.