ಗಾಳಿಗೆ ಯಾವ ಲೀಡರ್: ಕೊಂಡದ್ದಾ, ಕಟ್ಟಿದ್ದಾ?

ಕಾಸರಗೋಡಿನ ಚಂದ್ರಗಿರಿ ಅಳಿವೆಯಲ್ಲಿ ಮಧ್ಯಾಹ್ನ ಕಳೆದರೆ ಪಡುಗಾಳಿ ನೇರ ಮುಖಕ್ಕೆ ಬಡಿಯುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ದಪ್ಪ ಲೈನಿಗೂ ತುದಿಯ ಫ್ಲೈಗೂ (ಗರಿ, ದಾರದಿಂದ ಕಟ್ಟಿದ ಹಗುರವಾದ ಹುಸಿ ಎರೆ) ನಡುವೆ ಕಟ್ಟುವ, ತುದಿಗೆ ಹೋದಂತೆ ತೆಳುವಾಗುವ ತಂಗೂಸಿಯೇ ಲೀಡರ್. ಅಂಗಡಿಯ 9 ಅಡಿಯ ಲೀಡರ್ ಅಲ್ಲಿ ಪೂರ್ತಿ ಬಿಚ್ಚಿಕೊಳ್ಳದೆ ಸುರುಳಿಯಾಗಿ ಹಿಂದಕ್ಕೇ ಬೀಳುತ್ತದೆ. ನನಗೆ ಎಷ್ಟೋ ಸಂಜೆ ಹೀಗಾಗಿದೆ.

ಹಾಗಂತ ಅದು ಕೆಟ್ಟದ್ದಲ್ಲ. ನಡುವೆ ಗಂಟಿಲ್ಲ, ಪಾಚಿ ಸಿಕ್ಕಿಕೊಳ್ಳುವುದು ಕಡಿಮೆ. ಹೊಳೆ ಕಸ ತರುವ ದಿನಗಳಲ್ಲಿ ನಾನೂ ಅದನ್ನೇ ಹಾಕುತ್ತೇನೆ. ವರ್ಷಕ್ಕೆ ಎರಡು ಸಲ ಮೀನು ಹಿಡಿಯಲು ಹೋಗುವವರಿಗೆ ಅದೇ ಸಾಕು, ಗಾಳಿ ಜಾಸ್ತಿ ಇದ್ದರೆ ತುದಿಯಿಂದ ಒಂದೆರಡು ಅಡಿ ಕತ್ತರಿಸಿದರಾಯ್ತು.

ವಾರ ವಾರ ಹೋಗುವವರು ಮಾತ್ರ ಕಟ್ಟುವುದನ್ನು ಕಲಿಯಲೇಬೇಕು. ನನ್ನದು ಒಟ್ಟು ಏಳೂವರೆ ಅಡಿ: 40 ಪೌಂಡ್ ಭಾರ ತಡೆಯುವ ಗಡಸು ತಂಗೂಸಿ ನಾಲ್ಕೂವರೆ ಅಡಿ, 30 ಪೌಂಡಿನದು ಒಂದೂವರೆ, ತುದಿಗೆ 20 ಪೌಂಡಿನದು ಒಂದೂವರೆ. ಬುಡ ಉದ್ದವಾಗಿ, ದಪ್ಪಗೆ ಇದ್ದರೆ ಎಸೆತದ ಬಲ ಗಾಳಿಯಲ್ಲೂ ಫ್ಲೈ ತನಕ ತಲುಪುತ್ತದೆ, ಇಡೀ ಗುಟ್ಟು ಇರುವುದು ಅಲ್ಲೇ ಅಲ್ವಾ? ತುಂಡುಗಳನ್ನು ಜೋಡಿಸುವ ಬ್ಲಡ್ ನಾಟ್ ಗಂಟು ಹಾಕುವಾಗ ಎರಡೂ ಕಡೆ ನಾಲ್ಕು ಸುತ್ತು ಸಾಕು, ಆಮೇಲೆ ಎಂಜಲು ಹಚ್ಚಿ ನಿಧಾನಕ್ಕೆ ಎಳೆಯಿರಿ, ಸುತ್ತುಗಳು ಒಂದರ ಪಕ್ಕ ಒಂದು ಒತ್ತಿ ಕೂರಬೇಕು. ಒಣಗಿರುವಾಗಲೇ ಎಳೆದರೆ ಉಜ್ಜಿದ ಬಿಸಿಗೆ ತಂಗೂಸಿಯ ಬಲ ಹೋಗುತ್ತದೆ. ಅಂಥ ಗಂಟನ್ನು ಸುಮ್ನೆ ನಂಬಬೇಡಿ, ಕತ್ತರಿಸಿ ಹೊಸದು ಹಾಕಿ.

ಕಾಂಡ್ಲಾ (ಮ್ಯಾಂಗ್ರೋವ್) ಬೇರುಗಳ ಹತ್ತಿರ ಎಸೆಯುವುದಾದರೆ ಕೊನೆಯ ತುಂಡು ಫ್ಲೋರೋಕಾರ್ಬನ್ ಎಂಬ ಗಟ್ಟಿ ಪ್ಲಾಸ್ಟಿಕ್ ಎಳೆಯದೇ ಇರಲಿ, ಉಜ್ಜಾಟ ಚೆನ್ನಾಗಿ ತಡೆಯುತ್ತದೆ. ತುದಿ ಸವೆದರೆ ಅದೊಂದೇ ತುಂಡು ಬದಲಿಸಿದರೆ ಆಯ್ತು.