ನಮ್ಮ ಬಾಗಿಲಿನ ನೀಲಿ ಬಿಲ್ಲೆ: ಎಂಟು ತಿಂಗಳ ಬಳಕೆಯ ನಂತರ

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ 24 ಮನೆಗಳ ಅಪಾರ್ಟ್‌ಮೆಂಟಿನ ಮುಖ್ಯ ಬಾಗಿಲಿಗೆ ಎಂಟು ತಿಂಗಳ ಹಿಂದೆ ಆರ್‌ಎಫ್‌ಐಡಿ ರೀಡರ್ (ತಾಗಿಸದೆಯೇ ರೇಡಿಯೊ ಮೂಲಕ ಗುರುತು ಹಿಡಿಯುವ ಯಂತ್ರ) ಹಾಕಿಸಿದೆವು. ಮನೆಗೆ ಎರಡರಂತೆ ಹಂಚಿದ ನೀಲಿ ಕೀ ಫಾಬ್‌ಗಳನ್ನು ಇಲ್ಲಿ ಎಲ್ಲರೂ ಬಿಲ್ಲೆ ಎಂದೇ ಕರೆಯುತ್ತಾರೆ. ನಿತ್ಯದ ಬಳಕೆಗೆ ಅದು ಸುಖವಾದ ವಸ್ತು: ಪರ್ಸಿನಿಂದ ತೆಗೆಯದೆಯೇ ಹಿಡಿದರೂ ಬಾಗಿಲು ತೆರೆಯುತ್ತದೆ, ಸೆಲ್ ಬದಲಾಯಿಸುವ ಗೋಜಿಲ್ಲ, ಮಳೆಯಲ್ಲಿ ನೆನೆದರೂ ಕೆಟ್ಟಿಲ್ಲ. ಆದರೆ ಬೀಗವೆಂದು ಇದನ್ನು ಅಳೆದಾಗ ಐದಕ್ಕೆ ಎರಡಕ್ಕಿಂತ ಹೆಚ್ಚು ಅಂಕ ಕೊಡಲು ನನ್ನಿಂದಾಗದು.

ಬಿಲ್ಲೆಯೊಳಗೆ ಇರುವುದು ತಾಮ್ರದ ತಂತಿಯ ಒಂದು ಸುರುಳಿ ಮತ್ತು ಅದಕ್ಕೆ ಅಂಟಿದ ಪುಟ್ಟ ಚಿಪ್ ಮಾತ್ರ. ರೀಡರ್ ಹೊಮ್ಮಿಸುವ 125 ಕಿಲೋಹರ್ಟ್ಸ್‌ನ ಕಾಂತಕ್ಷೇತ್ರದೊಳಗೆ ಬಂದೊಡನೆ ಆ ಸುರುಳಿಯಲ್ಲಿ ವಿದ್ಯುತ್ತು ಪ್ರೇರಿತವಾಗಿ ಚಿಪ್ ಎಚ್ಚರಗೊಳ್ಳುತ್ತದೆ. ಬಳಿಕ ಅದು ತಾನಾಗಿ ರೇಡಿಯೊ ಅಲೆಯನ್ನು ಕಳಿಸದೆ, ಸುರುಳಿಯ ಮೇಲಿನ ವಿದ್ಯುತ್ ಹೊರೆಯನ್ನು ಏರಿಸಿ ಇಳಿಸಿ ರೀಡರಿನ ಕ್ಷೇತ್ರವನ್ನೇ ಸೂಕ್ಷ್ಮವಾಗಿ ಅಲುಗಿಸುತ್ತದೆ, ಆ ಅಲುಗಾಟವೇ ರೀಡರಿಗೆ ಓದು. ನಮ್ಮದು ಇಎಂ4100 ಮಾದರಿಯದು. ಅದರಲ್ಲಿರುವ 64 ಬಿಟ್‌ಗಳ ಪೈಕಿ 9 ಆರಂಭದ ಗುರುತಿಗೆ, 14 ತಪ್ಪು ಪತ್ತೆಗೆ, 1 ಮುಕ್ತಾಯಕ್ಕೆ. ಉಳಿದ 40 ಬಿಟ್‌ಗಳಲ್ಲಿ ಒಂದು ಸಂಖ್ಯೆ. ಕ್ಷೇತ್ರದಲ್ಲಿ ಇರುವಷ್ಟು ಹೊತ್ತೂ ಅದು ಇದೊಂದನ್ನೇ ಜಪಿಸುತ್ತಿರುತ್ತದೆ. ಕೇಳುತ್ತಿರುವುದು ನಮ್ಮ ಬಾಗಿಲೋ ಬೇರೆಯವರ ಯಂತ್ರವೋ ಎಂಬ ವಿಚಾರಣೆ ಅದಕ್ಕಿಲ್ಲ. (ನನ್ನ ಕಚೇರಿಯ ಬಿಲ್ಲೆಯೂ ಇದೇ ಬಗೆಯದು. ಎರಡನ್ನೂ ಒಂದೇ ಗೊಂಚಲಿಗೆ ಹಾಕಿದ ದಿನ ಎರಡೂ ಒಟ್ಟಿಗೆ ಜಪಕ್ಕೆ ಕುಳಿತು, ರೀಡರಿಗೆ ಒಂದೂ ಅರ್ಥವಾಗಲಿಲ್ಲ.)

ಮಗಳಿಗೆಂದು ಮೂರನೆಯ ಬಿಲ್ಲೆ ಬೇಕಾದಾಗ ಈ ಮುಗ್ಧತೆಯ ಬೆಲೆ ತಿಳಿಯಿತು. ಪೇಟೆಯಲ್ಲಿ ನಕಲಿ ಕೀ ಮಾಡಿಕೊಡುವವರೊಬ್ಬರು ನನ್ನ ಬಿಲ್ಲೆಯನ್ನು ಕೈಯಂತ್ರಕ್ಕೆ ತಾಗಿಸಿ, ಮತ್ತೆ ಬರೆಯಬಹುದಾದ ಖಾಲಿ ಬಿಲ್ಲೆಯೊಂದಕ್ಕೆ ಸಂಖ್ಯೆಯನ್ನು ಇಳಿಸಿ, ನಾನು ಚಿಲ್ಲರೆ ಹುಡುಕುವಷ್ಟರಲ್ಲಿ ಕೈಗಿಟ್ಟರು. ಯಾವ ಕಟ್ಟಡದ್ದು, ಯಾರದ್ದು ಎಂದು ಕೇಳಲಿಲ್ಲ. ಸಾಲದ್ದಕ್ಕೆ ಬಿಲ್ಲೆಯ ಬೆನ್ನ ಮೇಲೆ ಅಚ್ಚಾಗಿರುವ ಹತ್ತು ಅಂಕಿಗಳು ಒಳಗಿನ ಸಂಖ್ಯೆಯ ಬಹುಭಾಗದ ದಶಮಾಂಶ ರೂಪ. ಬಹಳಷ್ಟು ಅಗ್ಗದ ರೀಡರ್‌ಗಳಿಗೆ ಅಷ್ಟೇ ಸಾಕಾಗುವುದರಿಂದ, ಮೇಜಿನ ಮೇಲಿಟ್ಟ ಬಿಲ್ಲೆಯ ಒಂದು ಫೋಟೊ ಸಿಕ್ಕರೂ ನಕಲು ಸಾಧ್ಯ.

ಯಾವ ಸಂಖ್ಯೆಗೆ ಪ್ರವೇಶವಿದೆ ಎಂಬ ಪಟ್ಟಿ ಬಿಲ್ಲೆಯಲ್ಲಿರದೆ ಬಾಗಿಲಿನ ಕಡೆಯ ಯಂತ್ರದಲ್ಲಿರುವುದು ಈ ವ್ಯವಸ್ಥೆಯ ನಿಜವಾದ ಗುಣ. ಕಳೆದುಹೋದದ್ದನ್ನು ಪಟ್ಟಿಯಿಂದ ಅಳಿಸಿದರೆ ಬೀಗ ಬದಲಿಸಬೇಕಿಲ್ಲ. ಆದರೆ ನಮಗೆ ಅಳವಡಿಸಿಕೊಟ್ಟವರು ಯಾವ ಸಂಖ್ಯೆ ಯಾವ ಮನೆಗೆ ಎಂದು ಎಲ್ಲಿಯೂ ಬರೆದಿಡಲಿಲ್ಲ. ಮೂರನೇ ಮಹಡಿಯ ಬಾಡಿಗೆದಾರರು ಒಂದನ್ನು ಕಳೆದುಕೊಂಡಾಗ, ಇಡೀ ಪಟ್ಟಿಯನ್ನು ಅಳಿಸಿ, ಉಳಿದ ಬಿಲ್ಲೆಗಳನ್ನು ಮತ್ತೆ ಸೇರಿಸಲು ಎಲ್ಲ ಮನೆಯವರನ್ನೂ ಭಾನುವಾರ ಬೆಳಿಗ್ಗೆ ಬಾಗಿಲ ಬಳಿ ಸಾಲಾಗಿ ನಿಲ್ಲಿಸಬೇಕಾಯಿತು. ಇನ್ನು, ಕರೆಂಟು ಹೋದಾಗ ಕಾಂತದ ಬೀಗ ಹಿಡಿತ ಬಿಡುತ್ತದೆ. ಬ್ಯಾಟರಿ ಬ್ಯಾಕಪ್ಪಿಗೆ ಪ್ರತ್ಯೇಕ ಹಣ ಎಂಬುದೂ ನಮಗೆ ತಡವಾಗಿ ತಿಳಿಯಿತು.

ಹೊಸದಾಗಿ ಹಾಕಿಸುವವರು 13.56 ಮೆಗಾಹರ್ಟ್ಸ್‌ನ ಬಿಲ್ಲೆ ಎಂದ ಮಾತ್ರಕ್ಕೆ ತೃಪ್ತರಾಗಬಾರದು. ಆ ವರ್ಗದ ಮೈಫೇರ್ ಕ್ಲಾಸಿಕ್ ಚಿಪ್ಪಿನ ಗುಪ್ತಲಿಪಿಯನ್ನು ಸಂಶೋಧಕರು 2008ರಲ್ಲೇ ಭೇದಿಸಿದ್ದಾರೆ. ಮೈಫೇರ್ ಡೆಸ್‌ಫೈರ್ ಬಗೆಯವು ರೀಡರ್ ಪ್ರತಿ ಸಲ ಒಡ್ಡುವ ಹೊಸ ಸವಾಲಿಗೆ ಎಇಎಸ್ ಎಂಬ ಗುಪ್ತಲಿಪಿಯ ಕೀಲಿಯಿಂದ ಉತ್ತರಿಸಬಲ್ಲವು, ಗುಟ್ಟಿನ ಕೀಲಿಯನ್ನು ಹೊರಗೆ ಆಡುವುದಿಲ್ಲ. ಆದರೆ ರೀಡರ್ ಆ ವಿಧಾನವನ್ನು ಬಳಸದೆ ಚಿಪ್ಪಿನ ಕ್ರಮಸಂಖ್ಯೆಯನ್ನಷ್ಟೇ ಓದುವಂತಿದ್ದರೆ ಹೆಚ್ಚಿನ ಹಣ ವ್ಯರ್ಥ. ಈ ವ್ಯತ್ಯಾಸವನ್ನು ಕೇಳಿದಾಗ ನಮಗೆ ಅಳವಡಿಸಿಕೊಟ್ಟವರು ಕೊಟ್ಟ ಉತ್ತರ, "ಎಲ್ಲಾ ಒಂದೇ ಸರ್, ಬಣ್ಣ ಬೇರೆ ಅಷ್ಟೆ."

ಸದ್ಯಕ್ಕೆ ನಾವು ಬೇರೊಬ್ಬರಿಂದ ದರಪಟ್ಟಿ ತರಿಸಿಕೊಂಡಿದ್ದೇವೆ. ಹಳೆಯ ಷಟರ್ ಬೀಗವನ್ನು ರಾತ್ರಿ ಹನ್ನೊಂದರ ನಂತರ ವಾಚ್‌ಮನ್ ಮತ್ತೆ ಹಾಕತೊಡಗಿದ್ದಾರೆ.