ವಿದ್ಯುತ್ ಸೈಕಲ್: ಮೂರು ವರ್ಷ, ಎರಡು ತಲೆಮಾರುಗಳ ತಕರಾರು

ದಿನಕ್ಕೆ 14 ಕಿಲೋಮೀಟರ್ ಓಡಾಟಕ್ಕೆಂದು ಕೊಂಡ ಈ ವಿದ್ಯುತ್ ಸೈಕಲ್‌ಗೆ ಈಗ ಮೂರು ವರ್ಷ ತುಂಬಿದೆ. ಕೊಳ್ಳಲೇಬೇಕೆಂದು ಹಟ ಹಿಡಿದವಳು ಕಾಲೇಜಿನಲ್ಲಿ ಓದುತ್ತಿರುವ ಮಗಳು. ಬೇಡವೆಂದವರು ನನ್ನ ತಂದೆಯವರು. ಪೆಡಲು ತುಳಿಯುವ ಶ್ರಮದಿಂದ ಮೋಟಾರು ವಾಹನಕ್ಕೆ ದಾಟುವುದನ್ನೇ ಬದುಕಿನ ಏಳಿಗೆಯೆಂದು ಕಂಡ ಅವರಿಗೆ, ಮನೆಯಲ್ಲಿ ಕಾರು ಇದ್ದೂ ಮತ್ತೆ ಸೈಕಲ್ ಹತ್ತುವುದು ಹಿಂದಕ್ಕೆ ಸರಿದಂತೆ ಕಂಡಿತು. ಒಬ್ಬರೇ ಹೋಗಲು ಒಂದು ಟನ್ನಿಗೂ ಮಿಕ್ಕಿದ ಲೋಹವನ್ನು ಹೊಗೆಯುಗುಳುತ್ತ ಎಳೆದೊಯ್ಯುವುದು ಯಾವ ಏಳಿಗೆ ಎಂಬುದು ಮಗಳ ಪ್ರಶ್ನೆಯಾಗಿತ್ತು.

ಓಟದ ವಿಷಯದಲ್ಲಿ ನನಗೆ ದೂರಿಲ್ಲ. 250 ವ್ಯಾಟ್‌ನ ಮೋಟಾರು ಪೆಡಲು ತುಳಿದಾಗ ಮಾತ್ರ ನೆರವಾಗುತ್ತದೆ, ಗಂಟೆಗೆ 25 ಕಿಲೋಮೀಟರ್ ವೇಗ ಮುಟ್ಟಿದೊಡನೆ ಸುಮ್ಮನಾಗುತ್ತದೆ. ಕಿಲೋಮೀಟರಿಗೆ ನನಗೆ ತಗಲುವುದು ಸುಮಾರು 8 ವ್ಯಾಟ್-ಅವರ್ ವಿದ್ಯುತ್; ವಿದ್ಯುತ್ ಕಾರಿಗಾದರೆ ಸಾಮಾನ್ಯವಾಗಿ 150ರಿಂದ 200 ಬೇಕು. ಹೊಸದರಲ್ಲಿ ಒಂದು ಚಾರ್ಜಿಗೆ 50 ಕಿಲೋಮೀಟರ್ ಓಡುತ್ತಿದ್ದುದು ಈಗ 40ಕ್ಕೆ ಇಳಿದಿದೆ. ಇಷ್ಟಾದರೂ ಉಳಿದಿರುವುದು ತಂದೆಯವರಿಂದಲೇ ಎಂದು ನಾನು ನಂಬಿದ್ದೇನೆ: ಸೈಕಲ್ಲನ್ನು ಒಪ್ಪದಿದ್ದರೂ ಕೈಪಿಡಿಯನ್ನು ಮನೆಯಲ್ಲಿ ಪೂರ್ತಿ ಓದಿದವರು ಅವರೊಬ್ಬರೇ, ಬ್ಯಾಟರಿಯನ್ನು ಬಿಸಿಲಿನಲ್ಲಿ ಇಡಬಾರದು, ತುಂಬಿದ ಚಾರ್ಜಿನಲ್ಲಿ ದಿನಗಟ್ಟಲೆ ಬಿಡಬಾರದು ಎಂದು ನಮ್ಮ ಬೆನ್ನು ಹತ್ತಿದವರೂ ಅವರೇ. ತೂಕ 23 ಕಿಲೋ ಇರುವುದರಿಂದ ಮೆಟ್ಟಿಲು ಹತ್ತಿಸುವುದು ಕಷ್ಟ.

ನಿಜವಾದ ಕೊರತೆ ಕಂಡದ್ದು ಎರಡನೆಯ ವರ್ಷದಲ್ಲಿ. ಪೆಡಲಿನ ಚಲನೆಯನ್ನು ಗುರುತಿಸುವ ಸಣ್ಣ ಸಂವೇದಕವೊಂದು ಕೆಟ್ಟಾಗ, ಅದು ಬಿಡಿಯಾಗಿ ಸಿಗುವುದಿಲ್ಲ, ಮೋಟಾರನ್ನು ಹತೋಟಿಯಲ್ಲಿಡುವ ನಿಯಂತ್ರಕದೊಂದಿಗೆ ಇಡೀ ಜೋಡಣೆಯನ್ನೇ ಬದಲಿಸಬೇಕು ಎಂಬ ಉತ್ತರ ಬಂತು. ಬಿಚ್ಚಿ ರಿಪೇರಿ ಮಾಡಲಾಗದ್ದನ್ನು ಪರಿಸರಸ್ನೇಹಿ ಎಂದು ಹೇಗೆ ಕರೆಯುತ್ತೀರಿ ಎಂದು ತಂದೆಯವರು ಕೇಳಿದರು. ಮಗಳು ವಾದಿಸಲಿಲ್ಲ. ಅವಳ ತಲೆಮಾರು ಹೊಗೆಯ ಲೆಕ್ಕ ಇಟ್ಟಷ್ಟು ಶ್ರದ್ಧೆಯಿಂದ ರಿಪೇರಿಯ ಲೆಕ್ಕ ಇಟ್ಟಿಲ್ಲವೆಂಬುದು ನನಗೂ ಹೊಳೆದದ್ದು ಆಗಲೇ. ಇಂಥ ಲಘು ವಾಹನಗಳ ಬ್ಯಾಟರಿಯನ್ನು, ಅದರೊಳಗಿನ ಬಿಡಿ ಕೋಶಗಳನ್ನೂ (ಸೆಲ್‌ಗಳನ್ನೂ) ಸ್ವತಂತ್ರ ತಂತ್ರಜ್ಞರು ಬದಲಿಸುವಂತಿರಬೇಕು ಎಂದು ಐರೋಪ್ಯ ಒಕ್ಕೂಟ 2023ರಲ್ಲಿ ಮಾಡಿದ ನಿಯಮ 2027ರ ಫೆಬ್ರವರಿಯಿಂದ ಅನ್ವಯಿಸುತ್ತದೆ. ಅಂಥ ಕಟ್ಟುಪಾಡು ಮೋಟಾರಿಗೂ ನಿಯಂತ್ರಕಕ್ಕೂ ಬರಬೇಕು.

ತಂದೆಯವರು ಇಂದಿಗೂ ಇದನ್ನು ಹತ್ತಿಲ್ಲ. ವಾರಕ್ಕೊಮ್ಮೆ ಗಾಳಿ ನೋಡಿ ಚೈನಿಗೆ ಎಣ್ಣೆ ಹಾಕುವುದನ್ನು ಬಿಟ್ಟೂ ಇಲ್ಲ. ನೀವು ಕೊಳ್ಳುವುದಾದರೆ, ಎಷ್ಟು ದೂರ ಓಡುತ್ತದೆ ಎಂದು ಕೇಳುವ ಮೊದಲು ಯಾವ ಯಾವ ಭಾಗ ಬಿಡಿಯಾಗಿ ಸಿಗುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ.